‘ಬಿಗ್ ಚೀಸ್’ ಅಂದರೆ ದೊಡ್ಡ ಮನುಷ್ಯ. ಆದರೆ ಇದರೊಳಗೆ ಚೀಸ್ ಎಲ್ಲಿಂದ ಬಂತು?

ಅಡಿಬರಹ

ಎಲ್ಲರಿಗೂ ನಮಸ್ಕಾರ. ನಾನು ಸಾಕ್ಷ್ಯಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ. ಈ ವಾರ ಕೈಯಲ್ಲಿರುವುದು ಅಮೆರಿಕದ ಒಂದು ಹಳೇ ಬಟ್ಟೆ ಗಿರಣಿಯ ಚಿತ್ರ. ಅದರ ಒಂದು ಸಾಲಿನಲ್ಲಿ ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ.

ದೃಶ್ಯ ಹೀಗಿದೆ. ವಯಸ್ಸಾದ ಹೆಂಗಸೊಬ್ಬರು ಮಗ್ಗದ ಮುಂದೆ ನಿಂತಿದ್ದಾರೆ. ಬಾಗಿಲಲ್ಲಿ ಕೋಟು ಹಾಕಿದ ಗಂಡಸು ಕಾಣಿಸುತ್ತಾರೆ. ಈಕೆ ಕೈ ಕೆಲಸ ಬಿಡದೆ, ತುಟಿ ಜಾಸ್ತಿ ಅಲ್ಲಾಡಿಸದೆ, ಪಕ್ಕದವಳಿಗೆ ಮಾತ್ರ ಕೇಳುವ ಹಾಗೆ ‘ಹಿಯರ್ ಕಮ್ಸ್ ದ ಬಿಗ್ ಚೀಸ್’ ಅನ್ನುತ್ತಾರೆ. ಪಕ್ಕದವಳು ನಗು ತಡೆದುಕೊಳ್ಳುತ್ತಾಳೆ. ಅಷ್ಟೇ, ಎರಡು ಸೆಕೆಂಡು.

ಅರ್ಥ ಗೊತ್ತಿದೆ. ದೊಡ್ಡ ಅಧಿಕಾರ ಇರುವವನು, ಎಲ್ಲರೂ ಎದ್ದು ನಿಲ್ಲಬೇಕಾದವನು. ‘ಯಜಮಾನರು ಬಂದರು’ ಅಂತ ಬರೆದೆ. ಅರ್ಥ ಸರಿಯಾಯಿತು, ಪಕ್ಕದವಳ ನಗು ಮಾತ್ರ ಕಾರಣವಿಲ್ಲದೆ ಉಳಿಯಿತು. ‘ಪ್ರಭಾವಿ ವ್ಯಕ್ತಿ’ ಅಂದರೆ ಪತ್ರಿಕೆಯ ಸಾಲಿನ ಹಾಗಾಗುತ್ತದೆ. ಮಗ್ಗದ ಮುಂದೆ ನಿಂತ ಅಜ್ಜಿ ಹಾಗೆ ಮಾತಾಡುವುದಿಲ್ಲ ಅಲ್ವಾ?

ಇಂಗ್ಲಿಷ್–ಕನ್ನಡ ನಿಘಂಟು ತೆಗೆದರೆ ಚೀಸ್‌ಗೆ ‘ಗಿಣ್ಣು’ ಅಂತಿದೆ. ಗಿಣ್ಣು ಅಂದರೆ ನಮಗೆ ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದ್ದು. ಅದಕ್ಕೂ ಗಿರಣಿ ಮಾಲೀಕನಿಗೂ ಏನು ಸಂಬಂಧ? ಈ ನುಡಿಗಟ್ಟು ಎಲ್ಲಿಂದ ಬಂತು ಅಂತ ಗೊತ್ತಾದರೆ ಕನ್ನಡದ ಮಾತೂ ಹೊಳೆಯಬಹುದು ಅಂತ ಆಸೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಪದಗಂಟು

ನಿಮ್ಮ ಕಷ್ಟ ಅರ್ಥವಾಯಿತು ತಾಯಿ. ಇದರ ಉತ್ತರದ ಒಂದು ತುದಿ ನಮ್ಮ ಮಂಗಳೂರಲ್ಲೇ ಇದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಚೀಸ್ ತಿನ್ನುವ ಚೀಸ್ ಅಲ್ಲ ಅನ್ನುವುದೇ ಹೆಚ್ಚು ನಂಬುವಂಥ ವಿವರಣೆ. ಇದು ನಮ್ಮ ಊರುಗಳಲ್ಲಿ ದಿನಾ ಕೇಳುವ ‘ಚೀಜ್’. ಪಾರ್ಸಿಯಿಂದ ಹಿಂದೂಸ್ತಾನಿಗೆ ಬಂದ ಪದ. ಅರ್ಥ ವಸ್ತು, ಪದಾರ್ಥ, ಅಷ್ಟೇ.

ಕಂಪನಿ ಸರ್ಕಾರದ ಕಾಲದಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ಹುಡುಗರು ಆಳುಗಳ ಜೊತೆ, ವ್ಯಾಪಾರಿಗಳ ಜೊತೆ ಮಾತಾಡಿ ಈ ಪದ ಕಲಿತರು. ತಮ್ಮ ಮಾತಿನಲ್ಲಿ ‘ದ ರಿಯಲ್ ಥಿಂಗ್’ ಅನ್ನುವ ಕಡೆ ‘ದ ರಿಯಲ್ ಚೀಜ್’ ಅನ್ನತೊಡಗಿದರು. ಅಸಲಿ ಮಾಲು ಅನ್ನುವ ಅರ್ಥದಲ್ಲಿ. 1886ರಲ್ಲಿ ಲಂಡನ್ನಿನಲ್ಲಿ ಹೊರಬಂದ ‘ಹಾಬ್ಸನ್ ಜಾಬ್ಸನ್’ ಎಂಬ ನಿಘಂಟಿನಲ್ಲಿ ಇದಕ್ಕೆ ಎರಡು ಉದಾಹರಣೆ ಕೊಟ್ಟಿದ್ದಾರೆ. ನನ್ನ ಹೊಸ ಅರಬ್ಬಿ ಕುದುರೆ ರಿಯಲ್ ಚೀಜ್ ಅನ್ನುವುದು ಒಂದು. ಈ ಚುಟ್ಟಾಗಳು ರಿಯಲ್ ಚೀಜ್ ಅನ್ನುವುದು ಇನ್ನೊಂದು. ಆ ಎರಡನೇ ವಾಕ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಚುಟ್ಟಾಕ್ಕೆ ಇಂಗ್ಲಿಷಿನಲ್ಲಿ ‘ಚೆರೂಟ್’ ಅನ್ನುತ್ತಾರೆ. ಅದು ತಮಿಳಿನ ‘ಚುರುಟ್ಟು’, ನಮ್ಮ ಸುರುಳಿ ಸುತ್ತುವುದರ ಬಳಗದ ಪದ. ಹೊಗೆಸೊಪ್ಪಿನ ಸುರುಳಿ ತಮಿಳಿನದು, ಚೀಜ್ ಪಾರ್ಸಿಯದು, ಮಾತಾಡುವವನು ಇಂಗ್ಲಿಷಿನವನು. ಒಂದು ಸಣ್ಣ ವಾಕ್ಯದಲ್ಲಿ ಇಷ್ಟು ಜನ ಕೂತಿದ್ದಾರೆ.

ಆ ನಿಘಂಟು ಮಾಡಿದವರು ಇಬ್ಬರು, ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಬರ್ನೆಲ್ ಮದ್ರಾಸ್ ಸರ್ಕಾರದ ಅಧಿಕಾರಿ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವರು ಬರೆದ ಪುಸ್ತಕ 1874ರಲ್ಲಿ ಅಚ್ಚಾಗಿದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲೇ. ಇಪ್ಪತ್ತು ವರ್ಷದ ನಂತರ, 1894ರಲ್ಲಿ, ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾಗಿದ್ದೂ ಅದೇ ಪ್ರೆಸ್‌ನಲ್ಲಿ. ಬರ್ನೆಲ್ 1882ರಲ್ಲೇ ತೀರಿಕೊಂಡರು. ತಮ್ಮ ನಿಘಂಟು ಅಚ್ಚಾಗಿದ್ದನ್ನು ಅವರು ನೋಡಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಇನ್ನು, ಚೀಜ್ ಹೇಗೆ ಚೀಸ್ ಆಯಿತು? ಇಂಗ್ಲೆಂಡಿನಲ್ಲಿದ್ದವರಿಗೆ ಚೀಜ್ ಗೊತ್ತಿಲ್ಲ. ಕಿವಿಗೆ ಬಿದ್ದದ್ದನ್ನು ತಮಗೆ ಗೊತ್ತಿದ್ದ ಪದದೊಳಗೆ ಕೂರಿಸಿದರು. ಅವರ ಬಾಯಲ್ಲಿ ತಿನ್ನುವ ಚೀಸ್‌ನ ಕೊನೆಯ ಸದ್ದೂ ‘ಜ್’ ಹತ್ತಿರದ್ದೇ. ಹಾಗಾಗಿ ದಾರಿ ಸಲೀಸು. ಹಾಬ್ಸನ್ ಜಾಬ್ಸನ್ ಅನ್ನುವ ಹೆಸರು ಹುಟ್ಟಿದ್ದೂ ಹೀಗೇ. ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು ‘ಯಾ ಹಸನ್! ಯಾ ಹುಸೇನ್!’ ಎಂದು ಕೂಗುವುದನ್ನು ಬಿಳಿ ಸಿಪಾಯಿಗಳು ಕೇಳಿಸಿಕೊಂಡದ್ದು ಹಾಬ್ಸನ್ ಜಾಬ್ಸನ್ ಎಂದು. ಎರಡೂ ಅವರ ಊರಿನ ಮನೆತನದ ಹೆಸರುಗಳು.

19ನೇ ಶತಮಾನದ ಲಂಡನ್ನಿನ ಬೀದಿ ಮಾತಿನಲ್ಲಿ ‘ದ ಚೀಸ್’ ಅಂದರೆ ಅಸಲಿ, ಒಂದನೇ ದರ್ಜೆ ಅಂತ. ಆಮೇಲೆ 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಅದಕ್ಕೆ ‘ಬಿಗ್’ ಸೇರಿತು. ಒಳ್ಳೇ ವಸ್ತು ಹೋಗಿ ದೊಡ್ಡ ಮನುಷ್ಯ ಆಯಿತು.

ಹಿಮದೂರು

ನಾನು ಕೆನಡಾದ ಒಟ್ಟಾವಾದಲ್ಲಿದ್ದೇನೆ. ಪದಗಂಟು ಅವರು ಬರೆದದ್ದು ಓದಿ ಖುಷಿಯಾಯಿತು. ಆದರೆ ತಿನ್ನುವ ಚೀಸನ್ನು ಅಷ್ಟು ಬೇಗ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಕಾರಣ ಹೇಳುತ್ತೇನೆ.

ಇಲ್ಲಿಂದ ಸುಮಾರು ಒಂದು ಗಂಟೆ ಕಾರಲ್ಲಿ ಹೋದರೆ ಪರ್ತ್ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ ಒಂದು ದೊಡ್ಡ ಚೀಸ್ ಗಾಲಿಯ ಮಾದರಿ ನಿಲ್ಲಿಸಿದ್ದಾರೆ. ಮೊದಲ ಸಲ ನೋಡಿದಾಗ ನಮ್ಮ ಕಡೆಯ ಹುಲ್ಲಿನ ಬಣವೆ ನೆನಪಾಯಿತು. 1893ರಲ್ಲಿ ಷಿಕಾಗೊ ನಗರದ ವಿಶ್ವ ಮೇಳಕ್ಕೆ ಅಂತ ಈ ಊರಿನವರು ಮಾಡಿದ ಚೀಸ್‌ನ ನೆನಪಿಗೆ ಅದು. ಅಸಲಿ ಚೀಸ್ 22,000 ಪೌಂಡ್ ತೂಗುತ್ತಿತ್ತು. ಅಂದರೆ ಹೆಚ್ಚು ಕಡಿಮೆ 10 ಟನ್. ಎತ್ತರ 6 ಅಡಿ, ಸುತ್ತಳತೆ 28 ಅಡಿ. ಮೇಳದಲ್ಲಿ ಇಳಿಸಿದರೆ ಅದರ ಭಾರಕ್ಕೆ ಮಂಟಪದ ನೆಲವೇ ಮುರಿದು ಬಿತ್ತು.

ಇನ್ನೂ ಹಿಂದೆ ಹೋಗಿ. 1801ರಲ್ಲಿ ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಊರಿನ ರೈತರು ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರಿಗೆ ಕಾಣಿಕೆ ಕೊಡಬೇಕು ಅಂತ ಊರೆಲ್ಲ ಸೇರಿ ಒಂದೇ ಚೀಸ್ ಮಾಡಿದರು. ಜಾನ್ ಲೀಲ್ಯಾಂಡ್ ಎಂಬ ಪಾದ್ರಿ ಇದಕ್ಕೆ ಮುಂದಾಳು. ಸೇಬಿನ ರಸ ಹಿಂಡುವ ದೊಡ್ಡ ಯಂತ್ರದಲ್ಲಿ ಹಾಕಿ ಒತ್ತಿದರಂತೆ. ತೂಕ 1,235 ಪೌಂಡ್, ಸುಮಾರು 560 ಕಿಲೋ. 1802ರ ಜನವರಿ 1ರಂದು ಅಧ್ಯಕ್ಷರಿಗೆ ಒಪ್ಪಿಸಿದರು. ಇದರ ತಯಾರಿಯಲ್ಲಿ ಒಬ್ಬ ಗುಲಾಮನ ಕೈಯೂ ಇಲ್ಲ ಅಂತ ಆ ಊರಿನವರು ಹೆಮ್ಮೆಯಿಂದ ಹೇಳಿಕೊಂಡರು. ಜೆಫರ್ಸನ್ ಸ್ವತಃ ಗುಲಾಮರನ್ನು ಇಟ್ಟುಕೊಂಡವರು. ಆ ಮಾತು ಅವರ ಮನೆ ಬಾಗಿಲಲ್ಲೇ ಹೇಳಿದ್ದು ಸಣ್ಣ ವಿಷಯ ಅಲ್ಲ.

ಆಮೇಲೆ ಆಂಡ್ರೂ ಜಾಕ್ಸನ್ ಅವರಿಗೆ ನ್ಯೂಯಾರ್ಕ್ ರಾಜ್ಯದ ರೈತನೊಬ್ಬ 1,400 ಪೌಂಡಿನ ಚೀಸ್ ಕಳಿಸಿದ. ಅದು ಶ್ವೇತಭವನದಲ್ಲಿ ವರ್ಷಕ್ಕೂ ಮೇಲೆ ಕೂತಿತ್ತು. 1837ರ ಫೆಬ್ರವರಿ 22ರಂದು ಬಾಗಿಲು ತೆಗೆದು ಜನರನ್ನು ಬಿಟ್ಟರು. ಎರಡು ಗಂಟೆಯಲ್ಲಿ ಖಾಲಿ. ವಾಸನೆ ಮಾತ್ರ ಬಹಳ ದಿನ ಹೋಗಲಿಲ್ಲ.

ದೊಡ್ಡವರಿಗೆ ದೊಡ್ಡ ಚೀಸ್ ಕೊಡುವ ರೂಢಿಯೇ ಇತ್ತು. ಆ ಚೀಸ್ ಪಡೆದವನೇ ‘ಬಿಗ್ ಚೀಸ್’ ಆದ ಅಂತ ಇಲ್ಲಿ ತುಂಬಾ ಜನ ಹೇಳುತ್ತಾರೆ. ಇದನ್ನು ಸುಮ್ನೆ ತಳ್ಳಿಹಾಕಬಹುದಾ?

ಪದಗಂಟು

ತಳ್ಳಿಹಾಕುವುದಿಲ್ಲ. ಆ ಕಥೆ ನನಗೂ ಇಷ್ಟ. ಗುಲಾಮರ ವಿಷಯ ಇಲ್ಲಿ ತಂದದ್ದಕ್ಕೆ ವಿಶೇಷ ಧನ್ಯವಾದ.

ಆದರೆ ತಾರೀಖು ಹೊಂದುವುದಿಲ್ಲ. ಜೆಫರ್ಸನ್ ಚೀಸ್ 1802ರದು, ಜಾಕ್ಸನ್ ಚೀಸ್ 1837ರದು. ‘ಬಿಗ್ ಚೀಸ್’ ಅಂದರೆ ದೊಡ್ಡ ಮನುಷ್ಯ ಅನ್ನುವ ಬಳಕೆ ಕಾಣಿಸುವುದು 20ನೇ ಶತಮಾನದಲ್ಲಿ. ಆ ಚೀಸ್‌ನಿಂದಲೇ ಈ ಮಾತು ಹುಟ್ಟಿದ್ದರೆ ನಡುವಿನ ಇಷ್ಟು ವರ್ಷ ಯಾರ ಬಾಯಲ್ಲೂ, ಯಾವ ಪತ್ರಿಕೆಯಲ್ಲೂ ಕಾಣಿಸದೆ ಇರುತ್ತಿತ್ತೇ? ಅದೂ ಅಮೆರಿಕದ ಪತ್ರಿಕೆಗಳು ಆ ಚೀಸ್‌ಗಳ ಬಗ್ಗೆ ಪುಟಗಟ್ಟಲೆ ಬರೆದ ಕಾಲದಲ್ಲಿ! ಇತ್ತ ‘ದ ಚೀಸ್’ ಅಂದರೆ ಅಸಲಿ ಅನ್ನುವುದು ಆ ಶತಮಾನದಲ್ಲಿ ಲಂಡನ್ನಿನಲ್ಲಿ ಬಳಕೆಯಲ್ಲಿತ್ತು. ದಾರಿ ಆ ಕಡೆಯಿಂದ ಕಾಣುತ್ತದೆ, ಈ ಕಡೆಯಿಂದ ಅಲ್ಲ.

ಪದದ ಹುಟ್ಟು ಹುಡುಕುವಾಗ ನಾನು ಹಿಡಿಯುವುದು ಇದೊಂದೇ. ಕಥೆ ಚೆನ್ನಾಗಿದೆಯಾ ಅಂತ ಅಲ್ಲ, ತಾರೀಖು ಒಪ್ಪುತ್ತದೆಯಾ ಅಂತ. ಆದರೂ ನಿಮ್ಮ ಮಾತಿನಲ್ಲಿ ಒಂದು ಹುರುಳಿದೆ. ‘ದ ಚೀಸ್’ ಅಮೆರಿಕಕ್ಕೆ ಹೋದಾಗ ಅಲ್ಲಿಯ ಮೇಳಗಳಲ್ಲಿ ನಿಜವಾದ ದೊಡ್ಡ ಚೀಸ್‌ಗಳು ಕೂತಿದ್ದವು. ‘ಬಿಗ್’ ಅಂಟಿಕೊಳ್ಳಲು ಅದು ಕೈ ನೀಡಿದ್ದರೂ ನೀಡಿರಬಹುದು. ಹುಟ್ಟಿದ್ದು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ. ಪದಗಳಿಗೂ ಸಾಕು ಮನೆ ಅಂತ ಇರುತ್ತದೆ.

ಹಿಮದೂರು

ಒಪ್ಪಿದೆ ಸರ್. ತಾರೀಖಿನ ಲೆಕ್ಕ ನಾನು ಹಾಕಿರಲಿಲ್ಲ. ಸಾಕು ಮನೆ ಅಂದದ್ದು ಸರಿಯಾಗಿದೆ.

ಧಾರವಾಡ ಫೇಡೆ

ಚೀಜ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದೇ ಬೇರೆ. ಅದನ್ನು ಹೇಳದಿದ್ದರೆ ಈ ಚರ್ಚೆ ಅರ್ಧ ಅನ್ನಿಸುತ್ತದೆ.

ಹಿಂದೂಸ್ತಾನಿ ಸಂಗೀತದಲ್ಲಿ ಬಂದಿಶ್‌ಗೆ ‘ಚೀಜ್’ ಅಂತಲೇ ಹೇಳುತ್ತಾರೆ. ರಾಗಕ್ಕೆ, ತಾಳಕ್ಕೆ ಕಟ್ಟಿದ ನಾಲ್ಕಾರು ಸಾಲಿನ ಹಾಡು. ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಕಛೇರಿ ಮುಗಿಸಿ ಹೊರಗೆ ಬಂದರೆ ಚಹಾ ಕುಡಿಯುತ್ತಾ ಕೇಳುವ ಮೊದಲ ಪ್ರಶ್ನೆ ‘ಯಾವ ಚೀಜ್ ಹಾಡಿದರು?’ ಅಂತಲೇ. ಮಲ್ಲಿಕಾರ್ಜುನ ಮನ್ಸೂರರು ಅಪರೂಪದ ರಾಗಗಳನ್ನು ಹಾಡುವುದಕ್ಕೆ ಹೆಸರಾದವರು. ಅವರ ಬಾಯಿಂದ ಕೇಳಿದ ಒಂದು ಚೀಜ್ ಬಗ್ಗೆ ನಮ್ಮ ಸೋದರಮಾವ ನಲವತ್ತು ವರ್ಷ ಮಾತಾಡಿದರು. ‘ಅದು ಚೀಜ್!’ ಅನ್ನುತ್ತಿದ್ದರು, ಎರಡು ಬೆರಳು ಕೂಡಿಸಿ, ಕಣ್ಣು ಮುಚ್ಚಿ. ಹೆಚ್ಚು ಏನೂ ಹೇಳುತ್ತಿರಲಿಲ್ಲ.

ಗುರುಗಳು ಒಳ್ಳೆಯ ಚೀಜನ್ನು ಸುಲಭಕ್ಕೆ ಕೊಡುತ್ತಿರಲಿಲ್ಲ ಅಂತಲೂ ಹಿರಿಯರು ಹೇಳುತ್ತಾರೆ. ಶಿಷ್ಯ ವರ್ಷಗಟ್ಟಲೆ ಕಾಯಬೇಕು. ಮನೆತನದ ಒಡವೆ ಇದ್ದ ಹಾಗೆ. ಅಂದರೆ ಚೀಜ್ ಅಂದರೆ ಬರೀ ವಸ್ತು ಅಲ್ಲ, ಬೆಲೆ ಬಾಳುವ ವಸ್ತು. ಮರಾಠಿಯವರು ಮನೆಯ ಬೆಲೆಬಾಳುವ ಸಾಮಾನಿಗೆ ‘ಚೀಜವಸ್ತು’ ಅನ್ನುತ್ತಾರೆ. ಕಂಪನಿಯ ಹುಡುಗರು ಕುದುರೆ ನೋಡಿ ‘ರಿಯಲ್ ಚೀಜ್’ ಅಂದದ್ದು ನನಗೆ ಸ್ವಲ್ಪವೂ ಹೊಸದು ಅನ್ನಿಸಲಿಲ್ಲ. ನಮ್ಮ ಮಾವನ ಮಾತೇ ಅದು.

ಅಡಿಬರಹ ಅಕ್ಕ, ನಿಮ್ಮ ಸಾಲಿಗೆ ‘ದೊಡ್ಡ ಚೀಜ್ ಬಂತು’ ಅಂತಲೇ ಹಾಕಿಬಿಡಿ. ಪದ ತಿರುಗಿ ಮನೆಗೆ ಬಂದ ಹಾಗಾಗುತ್ತದೆ.

ಅಡಿಬರಹ

ನಿಮ್ಮ ಸೋದರಮಾವನ ಎರಡು ಬೆರಳು ಕಣ್ಣಿಗೆ ಕಟ್ಟಿತು. ತುಂಬಾ ಧನ್ಯವಾದ.

ಆದರೆ ‘ದೊಡ್ಡ ಚೀಜ್’ ಹಾಕಲು ನನಗೆ ಎರಡು ಅಡ್ಡಿ ಇವೆ. ಒಂದು, ಹಳೇ ಮೈಸೂರು ಕಡೆಯವರಿಗೆ, ಮಲೆನಾಡಿನವರಿಗೆ ಅದು ಥಟ್ಟನೆ ಹತ್ತುವುದಿಲ್ಲ. ಎರಡು ಸೆಕೆಂಡಿನಲ್ಲಿ ಹತ್ತದೆ ಹೋದರೆ ಹೋಯಿತು, ಮುಂದಿನ ಸಾಲು ಬಂದಿರುತ್ತದೆ. ಇನ್ನೊಂದು, ಈಚಿನ ಹಿಂದಿ ಸಿನಿಮಾಗಳಿಂದ ಹುಡುಗಿಯರನ್ನು ‘ಚೀಜ್’ ಅನ್ನುವ ಕೆಟ್ಟ ಚಾಳಿ ಬಂದಿದೆ. ಬಸ್ ಸ್ಟಾಂಡಿನಲ್ಲಿ ಆ ಮಾತು ಕೇಳಿ ತಲೆ ತಗ್ಗಿಸಿಕೊಂಡು ಹೋದದ್ದು ನನಗೆ ನೆನಪಿದೆ. ಒಬ್ಬ ಹೆಂಗಸಿನ ಬಾಯಲ್ಲಿ ಅದೇ ಪದ ಇಡಲು ಕೈ ಬರುತ್ತಿಲ್ಲ.

ಧಾರವಾಡ ಫೇಡೆ

ಅದು ನನಗೆ ಹೊಳೆದಿರಲಿಲ್ಲ ಅಕ್ಕ. ಬೇಡ, ಬಿಡಿ.

ಬಸವನಗುಡಿ ಬೆಂಚು

ನಾನು ವಕೀಲ. ಇಂಥದ್ದೇ ಇನ್ನೊಂದು ಮಾತಿದೆ, ‘ಬಿಗ್‌ವಿಗ್’. ಅದರ ಹುಟ್ಟಿನಲ್ಲಿ ಈ ತಕರಾರು ಇಲ್ಲ. ದೊಡ್ಡ ವಿಗ್ ಹಾಕಿದವನು ದೊಡ್ಡ ಮನುಷ್ಯ, ಅಷ್ಟೇ.

17ನೇ ಶತಮಾನದಲ್ಲಿ ಫ್ರಾನ್ಸಿನ ಅರಮನೆಯಿಂದ ಈ ಷೋಕಿ ಶುರುವಾಯಿತು. 1660ರಲ್ಲಿ ಎರಡನೇ ಚಾರ್ಲ್ಸ್ ಇಂಗ್ಲೆಂಡಿಗೆ ಮರಳಿ ರಾಜನಾದ ಮೇಲೆ ಲಂಡನ್ನಿನಲ್ಲೂ ಹಬ್ಬಿತು. ನಿಜವಾದ ಕೂದಲಿನ ವಿಗ್‌ಗೆ ವಿಪರೀತ ಬೆಲೆ. ಬೆನ್ನಿನವರೆಗೆ ಇಳಿಯುವ ದೊಡ್ಡ ವಿಗ್ ಹಾಕುವುದು ಶ್ರೀಮಂತರಿಗೆ, ನ್ಯಾಯಾಧೀಶರಿಗೆ, ಬಿಷಪ್ಪರಿಗೆ ಮಾತ್ರ ಸಾಧ್ಯ. ದೂರದಿಂದ ತಲೆ ನೋಡಿಯೇ ದರ್ಜೆ ಹೇಳಬಹುದಿತ್ತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಸ್ಯಾಮುಯೆಲ್ ಪೀಪ್ಸ್ ಎಂಬ ನೌಕಾ ಇಲಾಖೆಯ ಅಧಿಕಾರಿ ತನ್ನ ದಿನಚರಿಯಲ್ಲಿ ಬರೆದುಕೊಂಡದ್ದು. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್. ಆತನ ಹತ್ತಿರ ಹೊಸ ವಿಗ್ ಇದೆ. ಕೊಂಡು ಬಹಳ ದಿನವಾಗಿದೆ, ಹಾಕಲು ಧೈರ್ಯ ಇರಲಿಲ್ಲ. ಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಕಡೆ ಪ್ಲೇಗ್ ಇತ್ತು. ಪ್ಲೇಗ್ ಮುಗಿದ ಮೇಲೆ ವಿಗ್‌ನ ಗತಿ ಏನಾಗುತ್ತದೋ, ಸತ್ತವರ ತಲೆಯಿಂದ ಕತ್ತರಿಸಿದ ಕೂದಲು ಇರಬಹುದು ಎಂಬ ಹೆದರಿಕೆಗೆ ಯಾರೂ ಕೊಳ್ಳಲಾರರು ಅಂತ ಬರೆಯುತ್ತಾನೆ. ಕೊರೊನಾ ಕಾಲದಲ್ಲಿ ಹಾಲಿನ ಪ್ಯಾಕೆಟ್ಟನ್ನೂ ತೊಳೆದು ಒಳಗಿಟ್ಟ ನಮಗೆ ಆ ಭಯ ಅರ್ಥವಾಗುತ್ತದೆ.

1795ರಲ್ಲಿ ವಿಗ್‌ಗೆ, ಕೂದಲಿಗೆ ಹಾಕುವ ಪುಡಿಯ ಮೇಲೆ ವರ್ಷಕ್ಕೆ ಒಂದು ಗಿನಿ ತೆರಿಗೆ ಹಾಕಿದರು. ಷೋಕಿ ಬೇಗ ಇಳಿಯಿತು. ನ್ಯಾಯಾಲಯದಲ್ಲಿ ಮಾತ್ರ ಉಳಿಯಿತು. ಇಂಗ್ಲೆಂಡಿನ ಸಿವಿಲ್ ಕೋರ್ಟುಗಳ ನ್ಯಾಯಾಧೀಶರು ವಿಗ್ ಬಿಟ್ಟದ್ದು 2008ರಲ್ಲಿ. ತಲೆ ಮೇಲಿಂದ ವಿಗ್ ಹೋದರೂ ಮಾತಿನಲ್ಲಿ ಬಿಗ್‌ವಿಗ್ ಹಾಗೇ ಇದೆ.

ಸಣ್ಣಕ್ಕಿ

ನಾನು ಡಿಗ್ರಿ ಎರಡನೇ ವರ್ಷ. ಓದುತ್ತಾ ಒಂದು ಅನುಮಾನ ಬಂತು. ದೊಡ್ಡ ಉದ್ಯಮಿಗಳಿಗೆ ಮೊಗಲ್, ಟೈಕೂನ್ ಅಂತೆಲ್ಲ ಇಂಗ್ಲಿಷ್ ಪೇಪರಿನಲ್ಲಿ ಬರುತ್ತದಲ್ಲ, ಅವೂ ಹೊರಗಿನಿಂದ ಬಂದವಾ? ಇನ್ನೊಂದು, ‘ಚೀಸ್’ ಅಂದರೆ ಒಂದನೇ ದರ್ಜೆ ಅಂತಾದರೆ ‘ಚೀಸಿ’ ಅಂದರೆ ಕಳಪೆ ಅಂತ ಹೇಗಾಯಿತು ಸರ್?

ಪದಗಂಟು

ಎರಡನೆಯದು ಮೊದಲು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ‘ಚೀಸಿ’ ಅಂದರೂ ಚೆಂದ, ಠೀವಿ ಅನ್ನುವ ಅರ್ಥವೇ ಇತ್ತು. ಆ ಶತಮಾನದ ಕೊನೆಗೆ ತಿರುಗಿಬಿತ್ತು. ಇದೇನೂ ವಿಚಿತ್ರ ಅಲ್ಲಪ್ಪ. ಹಿಂದಿಯಲ್ಲಿ ‘ಬಡೀ ತೋಪ್’ ಅಂದರೆ ದೊಡ್ಡ ಫಿರಂಗಿ, ಅಂದರೆ ದೊಡ್ಡ ಮನುಷ್ಯ. ತೆಲುಗಿನ ಹುಡುಗರೂ ಮೆಚ್ಚಿದವನನ್ನು ‘ತೋಪು’ ಅನ್ನುತ್ತಾರೆ. ಅದೇ ತೋಪು ಗಾಂಧಿನಗರಕ್ಕೆ ಬಂದರೆ? ಸಿನಿಮಾ ತೋಪಾಯಿತು ಅಂದರೆ ಮಕಾಡೆ ಮಲಗಿತು ಅಂತ.

ಇನ್ನು ಮೊದಲನೆಯದು. ಹೌದು, ಬಹಳಷ್ಟು ಹೊರಗಿನಿಂದಲೇ ಬಂದವು. ‘ಮೊಗಲ್’ ನಮ್ಮ ಮೊಗಲ ಬಾದಶಹರಿಂದ. ‘ನಬಾಬ್’ ನವಾಬನಿಂದ. ಮೈಸೂರಿನ ಹೈದರ್ ಅಲಿಯನ್ನು ಇಂಗ್ಲಿಷರು ನಬಾಬ್ ಅಂತ ಬರೆಯುತ್ತಿದ್ದರು. ಆಮೇಲೆ ಭಾರತದಲ್ಲಿ ಕೈತುಂಬ ದುಡ್ಡು ಮಾಡಿಕೊಂಡು ಹೋಗಿ ಅಲ್ಲಿ ಬಂಗಲೆ ಕಟ್ಟಿದ, ಪಾರ್ಲಿಮೆಂಟಿನ ಸೀಟು ಕೊಂಡ ಕಂಪನಿ ನೌಕರರಿಗೆ ಅವರ ಊರಿನವರೇ ನಬಾಬ್ ಅಂತ ಹೆಸರಿಟ್ಟರು. ಗೌರವಕ್ಕಲ್ಲ, ಸಿಟ್ಟಿಗೆ. ಆ ದುಡ್ಡು ಎಲ್ಲಿಂದ ಬಂತು ಅಂತ ಅವರಿಗೂ ಗೊತ್ತಿತ್ತು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ 1788ರಿಂದ 1795ರವರೆಗೆ ಪಾರ್ಲಿಮೆಂಟಿನಲ್ಲಿ ವಿಚಾರಣೆ ನಡೆದದ್ದು ಇದೇ ಸಿಟ್ಟಿನ ಕಾಲದಲ್ಲಿ.

‘ಟೈಕೂನ್’ ಜಪಾನಿನದು. ಅಲ್ಲಿ ಆಳುತ್ತಿದ್ದ ಸೇನಾಧಿಪತಿಗೆ, ಅಂದರೆ ಶೋಗನ್‌ಗೆ, ಹೊರಗಿನವರ ಮುಂದೆ ಬಳಸುತ್ತಿದ್ದ ‘ತಾಯ್‌ಕುನ್’ ಎಂಬ ಬಿರುದು. ಅಬ್ರಹಾಂ ಲಿಂಕನ್ ಅವರ ಕಾರ್ಯದರ್ಶಿಗಳು ಬೆನ್ನ ಹಿಂದೆ ಅವರನ್ನು ಪ್ರೀತಿಯಿಂದ ಟೈಕೂನ್ ಅನ್ನುತ್ತಿದ್ದರು. ‘ಹೆಡ್ ಹಾಂಚೊ’ ಅನ್ನುತ್ತಾರಲ್ಲ, ಅದೂ ಜಪಾನಿನ ‘ಹಾಂಚೋ’, ಒಂದು ತಂಡದ ಮೇಸ್ತ್ರಿ. ‘ಹೈ ಮಕಮಕ್’ ಅಂತ ಒಂದಿದೆ. ಅದು ಅಮೆರಿಕದ ವಾಯವ್ಯ ಕರಾವಳಿಯ ಮೂಲ ನಿವಾಸಿಗಳ ಜೊತೆ ವ್ಯಾಪಾರಕ್ಕೆ ಬಳಸುತ್ತಿದ್ದ ಚಿನೂಕ್ ಮಿಶ್ರ ಭಾಷೆಯಿಂದ ಬಂದದ್ದು. ಅರ್ಥ, ಬೇಕಾದಷ್ಟು ಊಟ. ಹೊಟ್ಟೆ ತುಂಬ ಊಟ ಇರುವವನೇ ದೊಡ್ಡವನು.

ಕಡತದ ಮನೆ

ಊಟ ಇರುವವನೇ ದೊಡ್ಡವನು ಅಂದಿರಿ. ನಮ್ಮಲ್ಲಿ ಕಂದಾಯ ಕಟ್ಟುವವನೇ ದೊಡ್ಡವನು. ಅಡಿಬರಹ ಮೇಡಂ, ನಿಮ್ಮ ಪದ ‘ದೊಡ್ಡ ಕುಳ’ ಅಂತ ನನಗೆ ಅನ್ನಿಸುತ್ತದೆ.

ನಮ್ಮದು ತುಮಕೂರು ಕಡೆಯ ಶಾನುಭೋಗರ ಮನೆ. 1961ರ ಕಾಯಿದೆಯಿಂದ ಶಾನುಭೋಗಿಕೆ ಹೋಯಿತು. ಕಡತಗಳು ಮಾತ್ರ ಅಟ್ಟದ ಮೇಲೆ ತುಂಬಾ ವರ್ಷ ಇದ್ದವು. ಕೆಂಪು ಬಟ್ಟೆಯಲ್ಲಿ ಕಟ್ಟಿ, ನುಸಿ ಹೊಡೆಯದಿರಲಿ ಅಂತ ನಡುವೆ ಬೇವಿನ ಎಲೆ ಇಟ್ಟಿದ್ದರು. ಚಿಕ್ಕಂದಿನಲ್ಲಿ ತಾತ ಒಂದು ಪುಸ್ತಕ ಬಿಚ್ಚಿ ತೋರಿಸಿದ್ದರು. ಎಡಗಡೆ ಸಾಲಾಗಿ ಹೆಸರು, ಬಲಗಡೆ ಜಮೀನು, ಅದರ ಮುಂದೆ ಕಂದಾಯ. ಆ ಒಂದೊಂದು ಹೆಸರಿಗೂ ‘ಕುಳ’ ಅಂತ ಹೇಳುತ್ತಿದ್ದರು. ಸರ್ಕಾರಕ್ಕೆ ಕಂದಾಯ ಕಟ್ಟುವ ರೈತ. ಒಬ್ಬೊಬ್ಬ ಕುಳದ ಹೆಸರಿನ ಮೇಲೆ ಬರೆದ ಲೆಕ್ಕ ಕುಳವಾರು ಲೆಕ್ಕ.

ತಾತ ಬೆರಳಿಟ್ಟು ಹೇಳುತ್ತಿದ್ದರು, ‘ಇದು ಸಣ್ಣ ಕುಳ, ಎರಡು ರೂಪಾಯಿ. ಇದು ದೊಡ್ಡ ಕುಳ ನೋಡು, ನೂರರ ಮೇಲೆ.’ ದೊಡ್ಡ ಕುಳ ಕಂದಾಯ ಕಟ್ಟಲು ಬಂದರೆ ಜಗಲಿಯ ಮೇಲೆ ಚಾಪೆ. ಸಣ್ಣ ಕುಳ ಅಂಗಳದಲ್ಲೇ ನಿಲ್ಲಬೇಕಿತ್ತು. ಹೇಳುವಾಗ ತಾತನಿಗೇ ನಾಚಿಕೆ ಆಗುತ್ತಿತ್ತು.

ನೇಗಿಲಿನ ತುದಿಗೆ ಹಾಕುವ ಕಬ್ಬಿಣಕ್ಕೂ ಕುಳ ಅಂತಲೇ ಹೆಸರು. ನೆಲ ಸೀಳುವುದು ಅದೇ. ಇನ್ನು ಪತ್ರಿಕೆಯವರು ಬರೆಯುವ ‘ಧುರೀಣ’ ಅನ್ನುವುದನ್ನು ನೋಡಿ. ಧುರ ಅಂದರೆ ನೊಗ. ಧುರೀಣ ಅಂದರೆ ನೊಗ ಹೊರುವ ಎತ್ತು. ಇಂಗ್ಲಿಷರ ದೊಡ್ಡ ಮನುಷ್ಯ ತಲೆ ಮೇಲೆ ವಿಗ್ ಹೊತ್ತ. ನಮ್ಮವನು ಹೆಗಲ ಮೇಲೆ ನೊಗ ಹೊತ್ತ.

ಈಗ ದೊಡ್ಡ ಕುಳ ಅಂದರೆ ಕಂದಾಯ ಯಾರಿಗೂ ನೆನಪಿಲ್ಲ. ದಾಳಿ ನಡೆದಾಗ ಟಿವಿಯಲ್ಲಿ ‘ದೊಡ್ಡ ಕುಳ ಬಲೆಗೆ ಬಿತ್ತು’ ಅಂತ ಬರುತ್ತದೆ. ತೆರಿಗೆ ಕಟ್ಟುವವನಿಗೆ ಇದ್ದ ಹೆಸರು ತೆರಿಗೆ ಕದ್ದವನಿಗೆ ಹೋಗಿದೆ. ನನಗೆ ಇದು ನೋವಿನ ವಿಷಯ.

ಅಡಿಬರಹ

ಕಡತದ ಮನೆಯವರೇ, ನಿಮ್ಮ ಕೊನೆಯ ಸಾಲಿನಲ್ಲಿ ನನಗೆ ಬೇಕಾಗಿದ್ದು ಸಿಕ್ಕಿತು. ‘ಕುಳ’ ಅಲ್ಲ, ಅದರ ಪಕ್ಕದ್ದು. ‘ಬಲೆಗೆ ಬಿತ್ತು.’ ಬಿದ್ದರು ಅಲ್ಲ, ಬಿದ್ದ ಅಲ್ಲ, ಬಿತ್ತು!

ಕುಳ ಮನುಷ್ಯನೇ. ಆದರೆ ಕ್ರಿಯಾಪದ ಬಂದದ್ದು ನಪುಂಸಕ ಲಿಂಗದಲ್ಲಿ. ತಕ್ಷಣ ಬೇರೆ ಮಾತುಗಳನ್ನು ಜೋಡಿಸಿ ನೋಡಿದೆ. ‘ದೊಡ್ಡ ತಲೆ ಉರುಳಿತು.’ ‘ತಿಮಿಂಗಿಲ ಸಿಕ್ಕಿಬಿತ್ತು.’ ಮನುಷ್ಯನನ್ನು ವಸ್ತು ಮಾಡಿದ ಕೂಡಲೇ ನಮ್ಮ ಭಾಷೆ ಅವನ ‘ರು’ ಕಿತ್ತುಕೊಳ್ಳುತ್ತದೆ. ಎದುರಿಗೆ ಇದ್ದಾಗ ‘ಬಂದರು’. ಬೆನ್ನ ಹಿಂದೆ ‘ಬಂತು’. ಗಿರಣಿಯ ಅಜ್ಜಿ ಮಾಡಿದ್ದೂ ಅದೇ ಅಲ್ವಾ? ಪದಗಂಟು ಸರ್ ಹೇಳಿದ ಹಾಗೆ ಚೀಜ್ ಅಂದರೆ ವಸ್ತು. ಮಾಲೀಕನನ್ನು ಒಂದು ವಸ್ತು ಅಂದುಬಿಟ್ಟಳು. ಪಕ್ಕದವಳು ನಕ್ಕದ್ದು ಅದಕ್ಕೆ.

ಇಂಗ್ಲಿಷಿಗೆ ಅದಕ್ಕೆ ಒಂದು ಚೀಸ್ ಬೇಕಾಯಿತು. ನಮಗೆ ಒಂದು ‘ತು’ ಸಾಕು.

ಹಿಮದೂರು

ಮೈ ಜುಮ್ ಅಂತು ಮೇಡಂ. ಬೇರೆಯವರೂ ಇದನ್ನೇ ಮಾಡುತ್ತಾರೆ. ಫ್ರೆಂಚಿನಲ್ಲಿ ‘ಗ್ರೋಸ್ ಲೆಗ್ಯೂಮ್’ ಅನ್ನುತ್ತಾರೆ, ದಪ್ಪ ತರಕಾರಿ ಅಂತ. ಸ್ಪ್ಯಾನಿಷಿನಲ್ಲಿ ‘ಪೆಸ್ ಗೋರ್ದೊ’, ಕೊಬ್ಬಿದ ಮೀನು. ಇಟಲಿಯವರಿಗೆ ದೊಡ್ಡ ತುಂಡು, ಜರ್ಮನರಿಗೆ ದೊಡ್ಡ ಪ್ರಾಣಿ. ಎಲ್ಲ ಕಡೆ ಕೆಲಸದವರು ಮಾಲೀಕನನ್ನು ಮನುಷ್ಯರ ಸಾಲಿನಿಂದ ಎತ್ತಿ ಬೇರೆ ಕಡೆ ಇಟ್ಟಿದ್ದಾರೆ.

ಪದಗಂಟು

ನಿವೃತ್ತನಾಗುವ ತನಕ ಮಕ್ಕಳಿಗೆ ಲಿಂಗ, ವಚನ ಹೇಳಿಕೊಟ್ಟವನು ನಾನು. ‘ಬಂತು’ ಇಷ್ಟು ಕೆಲಸ ಮಾಡುತ್ತದೆ ಅಂತ ಒಂದು ದಿನವೂ ಹೇಳಿಕೊಡಲಿಲ್ಲ. ನಿಮ್ಮಿಂದ ಇವತ್ತು ಕಲಿತೆ ತಾಯಿ.

ಧಾರವಾಡ ಫೇಡೆ

ಹಾಗಾದರೆ ‘ದೊಡ್ಡ ಕುಳ ಬಂತು ನೋಡು’ ಅಂತ ಖಾಯಂ ಮಾಡಿದಿರಾ ಅಕ್ಕ?

ಅಡಿಬರಹ

ನಿನ್ನೆ ರಾತ್ರಿ ಅದನ್ನೇ ಹಾಕಿ ದೃಶ್ಯ ಓಡಿಸಿ ನೋಡಿದೆ. ಎರಡು ಸೆಕೆಂಡಿಗೆ ಒಂದು ಪದ ಜಾಸ್ತಿಯಾಯಿತು. ‘ದೊಡ್ಡ ಕುಳ ಬಂತು’ ಅಂತ ಇಳಿಸಿದೆ. ಆದರೆ ಕುಳ ಅಂದಾಗ ಟಿವಿಯ ದಾಳಿ ನೆನಪಿಗೆ ಬಂದು, ಗಿರಣಿಯವನು ಕಳ್ಳ ಇರಬೇಕು ಅನ್ನುವ ಹಾಗಾಯಿತು. ಅವನು ಕಳ್ಳ ಅಲ್ಲ, ಬರೀ ದೊಡ್ಡವನು.

ಅಮ್ಮ ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ಮದುವೆಗೆ ಮುಂಚೆ ನಾಲ್ಕು ವರ್ಷ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು. ಧ್ವನಿ ಇಲ್ಲದೆ ದೃಶ್ಯ ತೋರಿಸಿ, ನೀವಾಗಿದ್ದರೆ ಏನು ಅನ್ನುತ್ತಿದ್ದಿರಿ ಅಂತ ಕೇಳಿದೆ. ಒಂದು ಸಲ ನೋಡಿದರು. ಕೈಯಲ್ಲಿದ್ದ ಕಾಯಿ ಬಿಡದೆ, ತುಟಿ ಅಲ್ಲಾಡಿಸದೆ ಅಂದರು:

‘ಬಂತು ದೊಡ್ಡದು.’

ಅದನ್ನೇ ಹಾಕಿದ್ದೇನೆ.